ನೀನು ಯಾವ ಕ್ಲಾಸು?

ನಮ್ಮ ಮನೆಯ ಊಟದ ಮೇಜಿಗೆ ಭಾನುವಾರ ಊಟದ ಯೋಗವಿಲ್ಲ. ಹನ್ನೊಂದು ಗಂಟೆಗೆಲ್ಲ ತಂಗಿಯ ಮಗನೂ ಅವನ ನಾಲ್ವರು ಗೆಳೆಯರೂ ಬಂದು ಅದನ್ನು ವಶಪಡಿಸಿಕೊಳ್ಳುತ್ತಾರೆ. ಮೇಜಿನ ತುಂಬ ಹಾಳೆ, ಪೆನ್ಸಿಲ್ಲು, ರಬ್ಬರು, ದಾಳ. ಆರು ಮುಖದ ದಾಳವನ್ನು ನಾನೂ ಬಲ್ಲೆ. ಇವರ ಚೀಲದಲ್ಲಿ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದವೂ ಇವೆ. ನಾವು, ಅಂದರೆ ಯಜಮಾನರೂ ನಾನೂ, ಅಡುಗೆಮನೆಯ ಕಟ್ಟೆಯ ಪಕ್ಕ ಸ್ಟೂಲು ಹಾಕಿಕೊಂಡು ಸಾರನ್ನ ಮುಗಿಸುತ್ತೇವೆ.

ಮೊದಲ ಭಾನುವಾರ ಒಬ್ಬ ಹುಡುಗ ಇನ್ನೊಬ್ಬನನ್ನು, 'ನೀನು ಯಾವ ಕ್ಲಾಸು?' ಎಂದು ಕೇಳಿದ್ದು ಒಗ್ಗರಣೆಯ ಸದ್ದಿನ ನಡುವೆಯೂ ನನ್ನ ಕಿವಿಗೆ ಬಿತ್ತು. ಮೂವತ್ತು ವರ್ಷ ಪಾಠ ಹೇಳಿದವಳ ಕಿವಿ ಅದು. ಇಂಜಿನಿಯರಿಂಗ್ ಮುಗಿಸಿ ಸಂಬಳ ತರುವ ಹುಡುಗರು ಹೀಗೇಕೆ ಕೇಳಿಕೊಳ್ಳುತ್ತಾರೆ ಎಂದು ಇಣುಕಿ ನೋಡಿದೆ. ಕೇಳಿಸಿಕೊಂಡವನು ಎಂಟನೆಯ ತರಗತಿ ಬಿ ಸೆಕ್ಷನ್ ಎನ್ನಲಿಲ್ಲ, 'ಫೈಟರ್' ಎಂದ. ಇನ್ನೊಬ್ಬ ಮಾಂತ್ರಿಕ, ಮತ್ತೊಬ್ಬ ಕಳ್ಳ. ಇದೇನು ಭೂತಾರಾಧನೆಯೋ ಬಯಲಾಟವೋ ಎಂದು ಕೇಳಿದೆ. ಐದೂ ಜನ ನಕ್ಕರು. ಆದರೆ ಆಮೇಲೆ ಯೋಚಿಸಿದಾಗ ನನ್ನ ಪ್ರಶ್ನೆ ಅಷ್ಟೇನೂ ದಡ್ಡತನದ್ದಾಗಿರಲಿಲ್ಲ ಎನ್ನಿಸಿತು. ಅದನ್ನು ಹೇಳುವುದಕ್ಕೇ ಈ ಬರಹ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಇದರಲ್ಲಿ ಮಣೆಯೂ ಇಲ್ಲ, ಕಾಯಿಯೂ ಇಲ್ಲ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. 'ಎದುರಿಗೆ ಮುರಿದ ಸೇತುವೆ ಇದೆ, ಏನು ಮಾಡುತ್ತೀರಿ?' ಎಂದು ಅವನು ಕೇಳಿದರೆ, ಇವರು ತಮ್ಮ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಎಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಸೋಲು ಗೆಲುವು ಅಷ್ಟಾಗಿ ಇಲ್ಲ. ಕಥೆ ವಾರದಿಂದ ವಾರಕ್ಕೆ, ನಮ್ಮ ಧಾರಾವಾಹಿಗಳ ಹಾಗೆ, ಸಾಗುತ್ತಲೇ ಇರುತ್ತದೆ. ಆಡುವ ಮೊದಲು ಪ್ರತಿಯೊಬ್ಬರೂ ತಮ್ಮ ಪಾತ್ರವನ್ನು ಒಂದು ಹಾಳೆಯ ಮೇಲೆ ಕಟ್ಟಿಕೊಳ್ಳಬೇಕು. ಎಷ್ಟು ಬಲ, ಎಷ್ಟು ಬುದ್ಧಿ, ಯಾವ ವಿದ್ಯೆ ಎಲ್ಲಕ್ಕೂ ಅಂಕಿ. ಆ ಹಾಳೆ ಕಂಡ ಕೂಡಲೇ ನನಗೆ ನೆನಪಾದದ್ದು ನಮ್ಮ ಪ್ರಗತಿ ಪತ್ರ.

ಈ ಜಾತಿಯ ಆಟಗಳಲ್ಲಿ ಮೊದಲು ಅಚ್ಚಾಗಿ ಹೊರಬಂದದ್ದು ಅಮೆರಿಕದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', ೧೯೭೪ರಲ್ಲಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಅದರಲ್ಲಿ ಕ್ಲಾಸುಗಳು ಮೂರೇ ಮೂರು: ಕಾಳಗದವನು, ಮಂತ್ರದವನು, ಪೂಜಾರಿ. ಈಗ ಅದೇ ಆಟದ ಮುಖ್ಯ ಪುಸ್ತಕದಲ್ಲಿ ಹನ್ನೆರಡು ಇವೆ. ಈ 'ಕ್ಲಾಸ್' ಎನ್ನುವುದಕ್ಕೆ ಕನ್ನಡದಲ್ಲಿ ಏನೆನ್ನೋಣ? ತರಗತಿ ಎಂದರೆ ಬೆಂಚು ನೆನಪಾಗುತ್ತದೆ, ದರ್ಜೆ ಎಂದರೆ ರೈಲು. ವರ್ಗ ಎಂದರೆ ಟ್ರಾನ್ಸ್‌ಫರ್ ಆರ್ಡರು. ಕಸುಬು ಎನ್ನಬಹುದೇನೋ. ಆದರೆ ಕಸುಬು ಕಲಿತರೆ ಬರುವಂಥದು, ಬಿಟ್ಟರೆ ಹೋಗುವಂಥದು. ಇದು ಹಾಗಲ್ಲ. ಮೊದಲ ದಿನ ಹಾಳೆಯ ತಲೆಯ ಮೇಲೆ ಬರೆದದ್ದು ಕೊನೆಯ ದಿನದವರೆಗೂ ಅಲ್ಲೇ ಇರುತ್ತದೆ; ಏನು ಕಲಿಯಬಹುದು, ಯಾವ ಆಯುಧ ಮುಟ್ಟಬಹುದು, ಯಾವುದನ್ನು ಮುಟ್ಟಕೂಡದು ಎಲ್ಲವನ್ನೂ ಅದೇ ನಿರ್ಧರಿಸುತ್ತದೆ. ೧೯೮೧ರಲ್ಲಿ ಹೊಸಬರಿಗಾಗಿ ಬಂದ ಪುಸ್ತಕದಲ್ಲಿ ಕುಬ್ಜನಾಗಿ ಹುಟ್ಟಿದವನ ಕ್ಲಾಸೇ 'ಕುಬ್ಜ'. ಮನುಷ್ಯರು ಮಾತ್ರ ಕಾಳಗದವರೋ ಕಳ್ಳರೋ ಆಗಬಹುದು. ಉಳಿದವರಿಗೆ ಹುಟ್ಟೇ ಕಸುಬು. ಇದಕ್ಕೆ ಕನ್ನಡದಲ್ಲಿ ಸರಿಯಾದ ಶಬ್ದ ಇದೆ, ಅದನ್ನು ಹುಡುಕಲು ನಿಘಂಟು ಬೇಕಿಲ್ಲ.

ಒಂದು ಭಾನುವಾರ ಒಬ್ಬ ಹುಡುಗ ಬರಲಿಲ್ಲ. 'ದೊಡ್ಡಮ್ಮ, ನೀವೇ ಕೂತುಕೊಳ್ಳಿ' ಎಂದು ನನ್ನನ್ನು ಎಳೆದರು. ಯಾವ ಕ್ಲಾಸು ಬೇಕೆಂದು ನನ್ನನ್ನು ಕೇಳಲೇ ಇಲ್ಲ. 'ನಮಗೆ ಕ್ಲೆರಿಕ್ ಇಲ್ಲ, ನೀವು ಕ್ಲೆರಿಕ್' ಎಂದರು. ಆ ಪೂಜಾರಿಯ ಕೆಲಸವೆಂದರೆ ಉಳಿದವರು ಹೊಡೆದಾಡಿ ಬಂದಾಗ ಗಾಯ ವಾಸಿಮಾಡುವುದು. ಮಧ್ಯಾಹ್ನವಿಡೀ ನಾನು ಅವರ ಹಿಂದೆ ಹಿಂದೆ ನಡೆಯುತ್ತ, ಒಬ್ಬನ ಭುಜಕ್ಕೆ, ಇನ್ನೊಬ್ಬನ ತೊಡೆಗೆ ಮಂತ್ರ ಹಾಕುತ್ತಿದ್ದೆ. ನಡುನಡುವೆ ಎದ್ದುಹೋಗಿ ಅವರಿಗೆ ಚಕ್ಕುಲಿ, ಕಾಫಿ ತಂದುಕೊಟ್ಟೆ. ರಾತ್ರಿ ಯಜಮಾನರು 'ಆಟ ಹೇಗಿತ್ತು?' ಎಂದರು. 'ಮನೆಯಲ್ಲಿ ಮಾಡುವುದನ್ನೇ ಅಲ್ಲಿ ಕೂತುಕೊಂಡು ಮಾಡಿದೆ' ಎಂದೆ.

ಆಮೇಲೆ ಅವನ ಪುಸ್ತಕಗಳನ್ನು ತರಿಸಿಕೊಂಡು ಓದಿದೆ. ಓದುವುದು ನನ್ನ ಚಾಳಿ. ಉತ್ತರ ಪತ್ರಿಕೆ ತಿದ್ದುವ ಕಣ್ಣಿನಿಂದಲೇ ಓದಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅದರಲ್ಲಿ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು.

ಒಂದು ಕಳ್ಳನ ಕಥೆ. ಮೊದಲ ಪುಸ್ತಕದಲ್ಲಿ ಕಳ್ಳ ಇರಲಿಲ್ಲ. ೧೯೭೫ರಲ್ಲಿ ಬಂದ 'ಗ್ರೇಹಾಕ್' ಎಂಬ ಪುರವಣಿಯಲ್ಲಿ ಅವನು ನಾಲ್ಕನೆಯ ಕ್ಲಾಸಾಗಿ ಸೇರಿದ. ಗೋಡೆ ಹತ್ತುವುದು, ನೆರಳಿನಲ್ಲಿ ಅಡಗುವುದು, ಬೀಗ ತೆಗೆಯುವುದು ಎಲ್ಲಕ್ಕೂ ಅವನಿಗೆ ನೂರಕ್ಕೆ ಇಷ್ಟೆಂದು ಅಂಕಿ ಕೊಟ್ಟರು. ಒಳ್ಳೆಯದೇ ಎನ್ನಿಸುತ್ತದೆ. ಆದರೆ ಅದಕ್ಕೆ ಹಿಂದೆ ಗೋಡೆ ಎದುರಾದಾಗ ಯಾರಾದರೂ ಸೀರೆಯನ್ನೋ ಪಂಚೆಯನ್ನೋ ಎತ್ತಿ ಕಟ್ಟಿ 'ಹತ್ತಿ ನೋಡುತ್ತೇನೆ' ಎನ್ನಬಹುದಾಗಿತ್ತು. ಕಥೆ ನಡೆಸುವವನು ಅವರ ಉಪಾಯ ಕೇಳಿ ತೀರ್ಮಾನಿಸುತ್ತಿದ್ದ. ಒಬ್ಬನ ಹಾಳೆಯ ಮೇಲೆ 'ಗೋಡೆ ಹತ್ತುವುದು' ಎಂದು ಬರೆದ ಕೂಡಲೇ ಅದು ಉಳಿದ ಮೂವರ ಹಾಳೆಯಿಂದ ಅಳಿಸಿಹೋಯಿತು. ಯಾರೂ ರಬ್ಬರು ತೆಗೆದುಕೊಂಡು ಅಳಿಸಲಿಲ್ಲ. ಹತ್ತಬಾರದು ಎಂಬ ನಿಯಮವೂ ಬರಲಿಲ್ಲ. 'ಅದು ಅವನ ಕೆಲಸ' ಎಂಬ ಮಾತು ಬಂತು, ಅಷ್ಟೆ. ಒಬ್ಬನಿಗೆ ಕೊಟ್ಟ ಗುರುತು ಉಳಿದವರಿಂದ ಕಸಿದುಕೊಂಡದ್ದೂ ಹೌದು ಎಂಬುದನ್ನು ನಾನು ಸಮಾಜ ವಿಜ್ಞಾನದ ಪಾಠದಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಇಷ್ಟು ಸ್ಪಷ್ಟವಾದ ಉದಾಹರಣೆ ನನ್ನ ಕೈಗೆ ಸಿಕ್ಕಿರಲಿಲ್ಲ.

ಎರಡನೆಯದು ಚಿಕ್ಕದು. ೧೯೭೮ರ ಪುಸ್ತಕದಲ್ಲಿ ಹೆಂಗಸಿನ ಪಾತ್ರಕ್ಕೆ ಬಲದಲ್ಲಿ ಒಂದು ಮಿತಿ ಹಾಕಿದ್ದಾರೆ. ಗಂಡಸು ಹದಿನೆಂಟರ ಮೇಲೆ ಇನ್ನೂ ನೂರು ಮೆಟ್ಟಿಲು ಏರಬಹುದು, ಹೆಂಗಸು ಐವತ್ತಕ್ಕೆ ನಿಲ್ಲಬೇಕು. ಡ್ರ್ಯಾಗನ್ನು ಬೆಂಕಿ ಉಗುಳುವ ಲೋಕದಲ್ಲಿ ನಂಬಲಾಗದೆ ಹೋದದ್ದು ಬಲಶಾಲಿ ಹೆಂಗಸೊಬ್ಬಳನ್ನು ಮಾತ್ರ! ಮುಂದಿನ ಆವೃತ್ತಿಯಲ್ಲಿ ಅದನ್ನು ತೆಗೆದರು.

ಹಾಗೆಂದು ಕ್ಲಾಸುಗಳನ್ನು ಪೂರ್ತಿ ಜರೆಯುವುದಕ್ಕೂ ನನಗೆ ಮನಸ್ಸಿಲ್ಲ. ಹೊಸದಾಗಿ ಬಂದವರಿಗೆ ಅದು ಹಿಡಿದುಕೊಳ್ಳಲು ಸಿಕ್ಕ ಕೈ. ನಮ್ಮ ಯಕ್ಷಗಾನ ಮೇಳಗಳಲ್ಲಿಯೂ ಇದೇ ತಾನೆ? ಯಜಮಾನರ ಊರು ಪುತ್ತೂರಿನ ಕಡೆ. ಮದುವೆಯಾಗಿ ಹೋದ ಮೇಲೆ ನಾನು ಕಂಡ ಲೋಕ ಅದು. ಪುಂಡುವೇಷ, ಕಿರೀಟವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ. ಹುಡುಗ ಮೇಳ ಸೇರಿದರೆ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ. ಹೀಗೆ ಮೆಟ್ಟಿಲೇರುತ್ತ, ಅವನ ಮೈಕಟ್ಟು, ದನಿ, ಹೆಜ್ಜೆ ನೋಡಿ ಒಂದು ವೇಷದಲ್ಲಿ ನಿಲ್ಲಿಸುತ್ತಾರೆ. ಬಣ್ಣದ ವೇಷದವನು ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವುದನ್ನು ನೋಡಿದರೆ, ಒಂದೇ ಕೆಲಸಕ್ಕೆ ಜೀವಮಾನ ಕೊಡುವುದರಲ್ಲಿಯೂ ಒಂದು ಘನತೆ ಇದೆ ಎಂದು ಒಪ್ಪಬೇಕಾಗುತ್ತದೆ. ಕಂಪನಿ ನಾಟಕಗಳಲ್ಲಿಯೂ ರಾಜಾಪಾರ್ಟು, ಸ್ತ್ರೀಪಾರ್ಟು ಎಂದೇ ಜನರನ್ನು ಗುರುತಿಸುತ್ತಿದ್ದರು.

ಆದರೆ ಅದೇ ಯಕ್ಷಗಾನಕ್ಕೆ ಇನ್ನೊಂದು ಮಗ್ಗುಲಿದೆ: ತಾಳಮದ್ದಳೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ನಡೆಯುವುದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ; ಎರಡೂ ಕಡೆ ಪಂಚೆ ಶಲ್ಯದಲ್ಲಿ ಕುಳಿತ ಅರ್ಥಧಾರಿಗಳು ಆ ಪದ್ಯಕ್ಕೆ ಅಲ್ಲೇ, ಆ ಕ್ಷಣಕ್ಕೇ ಮಾತು ಹುಟ್ಟಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನು ಎಸೆದ ಪ್ರಶ್ನೆಗೆ ಇವನು ಪಾತ್ರವಾಗಿಯೇ ಉತ್ತರ ಕೊಡಬೇಕು. ಬಡಕಲು ಮೈಯ ಮುದುಕರು ಭೀಮನಾಗಬಹುದು, ದಪ್ಪ ಹೊಟ್ಟೆಯವರು ಅಭಿಮನ್ಯು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಾನು ಮಾವನವರ ಹತ್ತಿರ ಇದ್ದ ಕ್ಯಾಸೆಟ್ಟಿನಲ್ಲಿ ಕೇಳಿದ್ದೇನೆ. ಕಿರೀಟವಿಲ್ಲ, ಬಾಲವಿಲ್ಲ, ಬರೀ ಕೊರಳು. ಆದರೂ ಮರದ ಮರೆಯಿಂದ ಬಾಣ ಬಿಟ್ಟವನು ತಲೆ ತಗ್ಗಿಸುವಂತೆ ಮಾಡುವ ವಾಲಿ. ಶೇಣಿಯವರು ತೀರಿಕೊಂಡದ್ದು ೨೦೦೬ರಲ್ಲಿ. ಈಚೆಗೆ ಹೆಂಗಸರೇ ಸೇರಿ ತಾಳಮದ್ದಳೆ ನಡೆಸುವ ತಂಡಗಳೂ ಆಗಿವೆ. ಅಲ್ಲಿ ಕೃಷ್ಣನಾಗಿ ಕುಳಿತ ಹೆಂಗಸಿಗೆ ಮೀಸೆ ಬಳಿಯುವ ಪ್ರಶ್ನೆಯೇ ಬರುವುದಿಲ್ಲ. ಇದನ್ನು ನನ್ನ ತಂಗಿಯ ಮಗನಿಗೆ ವಿವರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ದೊಡ್ಡಮ್ಮ, ಭಾಗವತರೇ ಗೇಮ್ ಮಾಸ್ಟರ್ ಅಲ್ವಾ?' ಎಂದ. ನಾನು ಮೊದಲ ದಿನ ಬಯಲಾಟವೋ ಎಂದು ಕೇಳಿದಾಗ ನಕ್ಕದ್ದಕ್ಕೆ ಇಷ್ಟು ಸಾಕು ಎಂದುಕೊಂಡೆ.

ಕ್ಲಾಸು ಬೇಡವೆಂದ ಆಟಗಳೂ ಪಶ್ಚಿಮದಲ್ಲಿ ಬೇಗನೆ ಬಂದವು. ೧೯೭೭ರ 'ಟ್ರಾವೆಲರ್' ಅಂತರಿಕ್ಷದ ಕಥೆ. ಅದರಲ್ಲಿ ಪಾತ್ರ ಕಟ್ಟುವುದೆಂದರೆ ಸರ್ವೀಸ್ ರಿಜಿಸ್ಟರು ಬರೆದಂತೆ: ನೌಕಾದಳವೋ ವ್ಯಾಪಾರದ ಹಡಗೋ ಒಂದು ಕಡೆ ಸೇರಿ ನಾಲ್ಕು ನಾಲ್ಕು ವರ್ಷದ ಅವಧಿಗಳನ್ನು ಮುಗಿಸಬೇಕು, ಪ್ರತಿ ಅವಧಿಯಲ್ಲೂ ಏನಾದರೂ ಕಲಿತಿರುತ್ತೀರಿ. ದಾಳ ಕೆಟ್ಟರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತೂ ಹೋಗಬಹುದು. ಇದು ನನಗೆ ಹಿಡಿಸಿತು. ಮನುಷ್ಯ ಕಥೆಯೊಳಕ್ಕೆ ಬರುವಾಗ ಬೆನ್ನ ಮೇಲೆ ಒಂದಿಷ್ಟು ವರ್ಷ ಹೊತ್ತೇ ಬರುತ್ತಾನಲ್ಲ. ಆದರೆ ಮೂವತ್ತನಾಲ್ಕಕ್ಕೇ ಮುಪ್ಪಿನ ದಾಳ ಶುರುವಾಗುತ್ತದೆ ಎಂದು ಓದಿ ಪುಸ್ತಕ ಮುಚ್ಚಿಟ್ಟೆ.

ಮರುವರ್ಷದ 'ರೂನ್‌ಕ್ವೆಸ್ಟ್' ಇನ್ನೂ ಮುಂದೆ ಹೋಯಿತು. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಕಲಿಯಬಹುದು. ಎಲ್ಲ ವಿದ್ಯೆಗೂ ನೂರರ ಲೆಕ್ಕ. ಕಥೆಯಲ್ಲಿ ಒಂದು ವಿದ್ಯೆಯನ್ನು ನಿಜವಾಗಿ ಬಳಸಿ ಗೆದ್ದಿದ್ದರೆ ಅದರ ಮುಂದೆ ಒಂದು ಗುರುತು ಹಾಕಿಕೊಳ್ಳುತ್ತೀರಿ. ಕಥೆ ಮುಗಿದ ಮೇಲೆ ದಾಳ ಹಾಕಿ, ಬಿದ್ದ ಅಂಕಿ ನಿಮ್ಮಲ್ಲಿರುವ ಅಂಕಿಗಿಂತ ಹೆಚ್ಚಾದರೆ ಮಾತ್ರ ವಿದ್ಯೆ ಬೆಳೆಯುತ್ತದೆ. ಅಂದರೆ ಇಪ್ಪತ್ತು ಇರುವವನು ಕಲಿಯುವ ಸಂಭವ ನೂರಕ್ಕೆ ಸುಮಾರು ಎಂಬತ್ತು. ಎಂಬತ್ತು ಇರುವವನು ಇನ್ನಷ್ಟು ಕಲಿಯುವ ಸಂಭವ ಸುಮಾರು ಇಪ್ಪತ್ತು. ಇಷ್ಟು ಪುಟ್ಟ ನಿಯಮದಲ್ಲಿ ಎಷ್ಟು ವಿವೇಕ! ಗೊತ್ತಿಲ್ಲದವನಿಗೆ ಬೇಗ ಬರುತ್ತದೆ, ಗೊತ್ತಿರುವವನು ತಿಣುಕಬೇಕು. ಬಿ.ಎಡ್.ನಲ್ಲಿ ವೈಯಕ್ತಿಕ ಭಿನ್ನತೆ ಎಂಬ ಅಧ್ಯಾಯವನ್ನು ಹತ್ತು ಅಂಕಕ್ಕೆ ಉರು ಹೊಡೆದಿದ್ದೆ. ಅಲ್ಲಿ ಇದು ಸಿಕ್ಕಿರಲಿಲ್ಲ.

ನಮ್ಮ ಹುಡುಗರು ಕ್ಲಾಸು ಬಿಟ್ಟು ಹಿಡಿದದ್ದು ಮೂರನೆಯದನ್ನು. 'ಗರ್ಪ್ಸ್' ಎಂದು ಹೆಸರು. ಸ್ಟೀವ್ ಜಾಕ್ಸನ್ ಎಂಬಾತ ೧೯೮೬ರಲ್ಲಿ ಹೊರತಂದದ್ದು. ಇವರ ಹತ್ತಿರ ಇರುವುದು ೨೦೦೪ರ ನಾಲ್ಕನೆಯ ಆವೃತ್ತಿ. ಯಾವ ಕಾಲಕ್ಕೂ ಯಾವ ದೇಶಕ್ಕೂ ಹೊಂದುವ ನಿಯಮಗಳು ಎಂಬುದು ಅದರ ಹೆಮ್ಮೆ. ಹಾಗಾಗಿ ತಂಗಿಯ ಮಗ ಡ್ರ್ಯಾಗನ್ನುಗಳನ್ನು ಕೈಬಿಟ್ಟು, ೧೮೬೦ರ ಸುಮಾರಿನ ಮೈಸೂರಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕೊನೆಗಾಲದಲ್ಲಿ ನಡೆಯುವ ಕಥೆಯೊಂದನ್ನು ಶುರುಮಾಡಿದ. ಮುಮ್ಮಡಿಯವರು ಸ್ವತಃ ಆಟಗಳ ಹುಚ್ಚಿನವರು. ಶ್ರೀತತ್ತ್ವನಿಧಿಯ ಕೌತುಕನಿಧಿಯ ಭಾಗ ಪೂರ್ತಿ ಆಟಗಳಿಗೇ ಮೀಸಲು, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಮಣೆಗಳನ್ನೇ ಚಿತ್ರಿಸಿದ್ದಾರೆ. ಕಥೆಗೆ ಇದಕ್ಕಿಂತ ಒಳ್ಳೆಯ ದೊರೆ ಸಿಗಲಾರ. ಅರಮನೆಯಿಂದ ಅಪರೂಪದ ಗಂಜೀಫ ಎಲೆಗಳ ಪೆಟ್ಟಿಗೆಯೊಂದು ಕಳುವಾಗಿದೆ ಎಂದು ಕಥೆ. ಈ ಸಲ ನಾನೇ ಕೇಳಿ ಸೇರಿಕೊಂಡೆ. ಕೋಟೆಬಾಗಿಲ ಬಳಿ ಮಲ್ಲಿಗೆ ಮಾರುವ ನಡುವಯಸ್ಸಿನ ಹೂವಾಡಗಿತ್ತಿಯಾಗುತ್ತೇನೆ ಎಂದೆ. ಯಾರೂ ಬೇಡವೆನ್ನಲಿಲ್ಲ. ಹೂವಾಡಗಿತ್ತಿಗೆ ಕ್ಲಾಸು ಹುಡುಕುವ ಅಗತ್ಯವೇ ಇರಲಿಲ್ಲ.

ಕೈಗೆ ನೂರು ಪಾಯಿಂಟು ಕೊಟ್ಟರು, ಸಂತೆಗೆ ಕಳಿಸುವಾಗ ಅಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಕೊಡುತ್ತಿದ್ದ ಚಿಲ್ಲರೆಯ ಹಾಗೆ. ಎಲ್ಲರಿಗೂ ಬಲ, ಚುರುಕು, ಬುದ್ಧಿ, ಆರೋಗ್ಯ ಹತ್ತು ಹತ್ತು. ಬುದ್ಧಿಯನ್ನು ಒಂದು ಮೆಟ್ಟಿಲು ಏರಿಸಲು ಇಪ್ಪತ್ತು ಪಾಯಿಂಟು. ನನ್ನವಳು ಚತುರೆ, ಹನ್ನೆರಡು ಇರಲಿ ಎಂದು ನಲವತ್ತು ಖರ್ಚು ಮಾಡಿದೆ. ವ್ಯಾಪಾರ, ಮುಖ ನೋಡಿ ಮನಸ್ಸು ತಿಳಿಯುವುದು, ಊರ ಸುದ್ದಿ ಹೆಕ್ಕುವುದು ಎಲ್ಲವನ್ನೂ ಕೊಂಡೆ. ಚೌಕಾಶಿ ಮಾಡಲು ಯಾರೂ ಇಲ್ಲದ ಅಂಗಡಿ ಎನ್ನುವುದೊಂದೇ ಬೇಸರ. ಹಣ ಸಾಲದೆ ಬಂತು. ಆಗ ತಂಗಿಯ ಮಗ ಉಪಾಯ ಹೇಳಿಕೊಟ್ಟ.

'ದೊಡ್ಡಮ್ಮ, ಅವಳು ಬಡವಿ ತಾನೆ? ಬಡತನ ತಗೊಂಡರೆ ಹದಿನೈದು ಪಾಯಿಂಟು ವಾಪಸು ಬರುತ್ತೆ.'

'ಬಡತನ ತಗೊಳ್ಳೋದಾ?'

'ಹೂಂ. ಆ ಕಾಲದ ಹೆಂಗಸು ಅಲ್ವಾ, ಎರಡನೇ ದರ್ಜೆ ಪ್ರಜೆ. ಅದಕ್ಕೆ ಇನ್ನೊಂದು ಐದು.'

ನೂರು, ಹದಿನೈದು, ಐದು, ನೂರಿಪ್ಪತ್ತು. ನಾನು ಪೆನ್ಸಿಲ್ಲು ಕೆಳಗಿಟ್ಟೆ.

ಆಟವಾಗಿ ಅದು ನ್ಯಾಯ ಎಂಬುದು ನನಗೆ ಅರ್ಥವಾಗದೆ ಇಲ್ಲ. ಮೇಜಿನ ಸುತ್ತ ಕುಳಿತವರೆಲ್ಲರ ಪಾತ್ರಗಳೂ ಸಮತೂಕ ಇರಬೇಕು. ಒಬ್ಬನ ಕೈಯಲ್ಲಿ ಜಮೀನ್ದಾರ, ಇನ್ನೊಬ್ಬನ ಕೈಯಲ್ಲಿ ಭಿಕ್ಷುಕ ಇದ್ದರೆ ಭಿಕ್ಷುಕನಿಗೆ ಬೇರೆ ಏನಾದರೂ ಹೆಚ್ಚಿಗೆ ಸಿಗಬೇಕು. ಕುರುಡನಿಗೆ ಒಳ್ಳೆಯ ಕಂಠ, ಬಡವನಿಗೆ ಒಳ್ಳೆಯ ಮನಸ್ಸು ಎಂದು ನಮ್ಮ ಹಳೆಯ ಸಿನಿಮಾಗಳೂ ಹೀಗೇ ಲೆಕ್ಕ ಸರಿತೂಗಿಸುತ್ತಿದ್ದವು. ಆದರೆ ನನ್ನ ಕಣ್ಣ ಮುಂದೆ ಬಂದವರು ಮೂವತ್ತು ವರ್ಷದಲ್ಲಿ ನನ್ನ ಬೆಂಚುಗಳ ಮೇಲೆ ಕುಳಿತು ಎದ್ದುಹೋದ ಮಕ್ಕಳು. ಫೀಸು ಕಟ್ಟಲಾಗದೆ ಬಾಗಿಲ ಹೊರಗೆ ನಿಂತ ಒಂದು ಮಗುವಿಗೂ ಯಾರೂ ಹದಿನೈದು ಪಾಯಿಂಟು ವಾಪಸು ಕೊಟ್ಟದ್ದನ್ನು ನಾನು ನೋಡಿಲ್ಲ. ಬಡತನ ಕಳೆಯುವ ಲೆಕ್ಕ. ಒಂದು ಕಡೆ ಕಳೆದು ಇನ್ನೊಂದು ಕಡೆಯೂ ಕಳೆಯುತ್ತದೆ: ಸಂಜೆ ಹೂ ಕಟ್ಟುವ ಕೈಗೆ ಕಾಪಿ ಬರೆಯಲು ಹೊತ್ತಿಲ್ಲ, ಕಾಪಿ ಬರೆಯದವಳಿಗೆ ಅಂಕವಿಲ್ಲ. ಕ್ಲಾಸುಗಳ ಆಟದಲ್ಲಿ ಹುಟ್ಟು ಗೋಡೆಯಾಗಿತ್ತು. ಇಲ್ಲಿ ಅದನ್ನು ಬೆಲೆ ಚೀಟಿ ಮಾಡಿದ್ದಾರೆ. ಗೋಡೆಗಿಂತ ಚೀಟಿ ಮೇಲು, ಒಪ್ಪಿದೆ. ಆದರೂ ಎಲ್ಲವನ್ನೂ ತಾನೇ ಆರಿಸಿ ಕೊಂಡೆ ಎನ್ನುವ ಪಾತ್ರಕ್ಕೆ ತನಗೆ ಏನಾಯಿತು ಎಂಬುದು ಇರುವುದಿಲ್ಲ.

ಅದೇ ಪುಸ್ತಕದಲ್ಲಿ ಕಲಿಕೆಯ ಬಗ್ಗೆ ಒಂದು ಲೆಕ್ಕವಿದೆ. ಇನ್ನೂರು ಗಂಟೆ ಕಲಿತರೆ ಒಂದು ಪಾಯಿಂಟು. ಗುರುವಿನ ಮುಂದೆ ಕುಳಿತ ಒಂದು ಗಂಟೆ ಪೂರ್ತಿ ಗಂಟೆ. ತಾನೇ ಓದಿಕೊಂಡದ್ದು ಅರ್ಧ. ಕೆಲಸ ಮಾಡುತ್ತ ಕಲಿತದ್ದು ಕಾಲು. ಮೇಷ್ಟರಾದವರಿಗೆ ಖುಷಿಯಾಗಬೇಕಾದ ಲೆಕ್ಕ. ನನಗೆ ಆಗಲಿಲ್ಲ. ಕಾರಣ ಒಬ್ಬಳು ಹುಡುಗಿ.

೨೦೦೩ರ ಮಾತು. ಹತ್ತನೆಯ ತರಗತಿಗೆ ನಾನು ಕ್ಲಾಸ್ ಟೀಚರು. ಆ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿ, ಪಿಯುಸಿಗೆ ಏನು ತೆಗೆದುಕೊಳ್ಳಲಿ ಮಿಸ್ ಎಂದು ತಾಯಿಯನ್ನು ಕರೆದುಕೊಂಡು ಬಂದಳು. ಗಣಿತದಲ್ಲಿ ನಲವತ್ತರ ಮೇಲೆ ಎರಡೋ ಮೂರೋ ಅಂಕ. ನಾನು ಪಟ್ಟಿ ನೋಡಿದೆ, ಮುಖ ನೋಡಲಿಲ್ಲ. 'ಲೆಕ್ಕ ನಿನ್ನ ಕೈಲಿ ಆಗಲ್ಲಮ್ಮ, ಆರ್ಟ್ಸ್ ತಗೋ' ಎಂದೆ. ಕಾಮರ್ಸಿಗೆ ಹೋಗಬೇಕೆಂದು ಅವಳಿಗೆ ಆಸೆ ಇತ್ತು ಎಂದು ತಾಯಿ ಅರ್ಧ ಹೇಳಿ ಸುಮ್ಮನಾದರು. ನನ್ನ ಹಿಂದೆ ಇನ್ನೂ ಇಪ್ಪತ್ತು ಜನ ನಿಂತಿದ್ದರು. ಒಬ್ಬೊಬ್ಬರಿಗೆ ಎರಡು ನಿಮಿಷ. ಸೈನ್ಸು, ಕಾಮರ್ಸು, ಆರ್ಟ್ಸು. ಮಧ್ಯಾಹ್ನದೊಳಗೆ ಒಂದು ತರಗತಿಯನ್ನು ಹಂಚಿ ಮುಗಿಸಿದ್ದೆ.

ಎಷ್ಟೋ ವರ್ಷದ ಮೇಲೆ ಆಯುಧಪೂಜೆಯ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಅವಳು ಸಿಕ್ಕಳು. ಹೂವಿನ ಸಗಟು ಅಂಗಡಿಯ ಗಲ್ಲದ ಮೇಲೆ ಕುಳಿತಿದ್ದಳು. ಸುತ್ತ ಇಪ್ಪತ್ತು ಜನ ಕೂಗುತ್ತಿದ್ದಾರೆ. ಒಬ್ಬರಿಗೆ ಎಂಟು ಮಾರು ಸೇವಂತಿಗೆ, ಇನ್ನೊಬ್ಬರಿಗೆ ಮುಕ್ಕಾಲು ಕೆ.ಜಿ. ಬಿಡಿ ಹೂವು, ಮತ್ತೊಬ್ಬರ ಹಳೆಯ ಬಾಕಿ. ಕಾಗದವಿಲ್ಲ, ಯಂತ್ರವಿಲ್ಲ. ಬಾಯಲ್ಲೇ ಮೊತ್ತ ಹೇಳುತ್ತಾ ಚಿಲ್ಲರೆ ಎಣಿಸಿ ಕೊಡುತ್ತಿದ್ದಳು. ನಾನು ಬಾಳೆಕಂದು ಹಿಡಿದುಕೊಂಡು ನೋಡುತ್ತ ನಿಂತೆ, ಒಂದೂ ತಪ್ಪಲಿಲ್ಲ. ನನ್ನನ್ನು ಕಂಡು ಎದ್ದು ನಿಂತಳು. ಹೂವಿಗೆ ಹಣ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಮಗನಿಗೆ, 'ನಮ್ಮ ಮಿಸ್ಸು. ನಂಗೆ ಲೆಕ್ಕ ಬರಲ್ಲ ಅಂತ ಇವರೇ ಹೇಳಿದ್ದು' ಎಂದು ನಗುತ್ತ ಪರಿಚಯ ಮಾಡಿಕೊಟ್ಟಳು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಅವಳು ಅದನ್ನು ಇನ್ನೂ ನಂಬಿದ್ದಳು.

ಕೆಲಸ ಮಾಡುತ್ತ ಕಲಿತದ್ದಕ್ಕೆ ಕಾಲು ಗಂಟೆ ಎಂದು ಬರೆದವನಿಗೆ ಆ ಅಂಗಡಿ ತೋರಿಸಬೇಕು. ರೂನ್‌ಕ್ವೆಸ್ಟಿನ ಪುಸ್ತಕ ಬರೆದವರಿಗೆ ತೋರಿಸುವ ಅಗತ್ಯವಿಲ್ಲ. ಬಳಸಿದ್ದರ ಮುಂದೆ ಗುರುತು ಹಾಕಿ ಎಂದು ಅವರು ಹೇಳಿಯೇ ಇದ್ದಾರೆ. ನನ್ನ ಹೂವಾಡಗಿತ್ತಿ ಎಲ್ಲಿಂದ ಬಂದಳು ಎಂದು ಓದುಗರಿಗೆ ಈಗ ತಿಳಿದಿರಬೇಕು. ಹುಡುಗರಿಗೆ ನಾನು ಹೇಳಿಲ್ಲ.

ಇಷ್ಟೆಲ್ಲ ತಕರಾರು ಇದ್ದರೂ ಆ ಅಂಕಿಗಳ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಹುಡುಗರಲ್ಲಿ ಒಬ್ಬನಿಗೆ ಮಾತು ತೊದಲುತ್ತದೆ. ಕಾಫಿ ಬೇಕೇ ಎಂದರೆ ತಲೆಯಾಡಿಸುವವನು. ಅವನು ಆರಿಸಿಕೊಂಡ ಪಾತ್ರ ಹರಟೆಮಲ್ಲ. ಯಾರನ್ನಾದರೂ ಮಾತಿನಲ್ಲೇ ಮರುಳುಮಾಡುವ ಹರಿಕಥೆ ದಾಸ. ಮಾತಿನ ವಿದ್ಯೆಗೆ ಅವನು ಹದಿನಾರು ಬರೆದುಕೊಂಡಿದ್ದಾನೆ. ಮೂರು ದಾಳದ ಮೊತ್ತ ಹದಿನಾರೋ ಅದಕ್ಕಿಂತ ಕಡಿಮೆಯೋ ಬಿದ್ದರೆ ಗೆದ್ದಂತೆ; ಅಂದರೆ ಸೋಲುವುದು ಬಹಳ ಅಪರೂಪ. ಕೋಟೆಯ ಕಾವಲುಗಾರ ಅಡ್ಡಗಟ್ಟಿದಾಗ ಅವನು 'ನಾ... ನಾನು ಅವನಿಗೆ ದ್ರೌಪದಿ ಕಥೆ ಹೇಳ್ತೀನಿ' ಎಂದು ಬಹಳ ಹೊತ್ತು ತೆಗೆದುಕೊಂಡು ಹೇಳಿದ. ಯಾರೂ ಅವಸರ ಮಾಡಲಿಲ್ಲ. ದಾಳ ಬಿತ್ತು, ಒಂಬತ್ತು. 'ಕಾವಲುಗಾರ ಕಣ್ಣೊರೆಸಿಕೊಂಡು ಬಾಗಿಲು ಬಿಟ್ಟ' ಎಂದ ತಂಗಿಯ ಮಗ. ಆ ಹುಡುಗ ಕುರ್ಚಿಯಲ್ಲಿ ಒರಗಿ ಕುಳಿತುಕೊಂಡ ಠೀವಿಯನ್ನು ನೀವು ನೋಡಬೇಕಿತ್ತು.

ತಾಳಮದ್ದಳೆಯಲ್ಲಿ ಇದು ಆಗದು. ಅಲ್ಲಿ ವೇಷದ ಗೋಡೆ ಇಲ್ಲ, ನಿಜ. ಆದರೆ ಕೃಷ್ಣನ ಮಾತು ಬೇಕಾದರೆ ಅರ್ಥಧಾರಿಯ ನಾಲಿಗೆಯಲ್ಲೇ ಅದು ಇರಬೇಕು. ಪುರಾಣ ಓದಿರಬೇಕು, ತರ್ಕ ಗೊತ್ತಿರಬೇಕು, ಸಭೆಗೆ ಹೆದರಬಾರದು. ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು ಎನ್ನುವ ಆ ಚಾಪೆಯ ಮೇಲೆ, ತೊದಲುವ ಹುಡುಗನಿಗೆ ಕೂರಲು ಜಾಗವಿಲ್ಲ. ಇಲ್ಲಿ ಒಂದು ಅಂಕಿ ಅವನಿಗೆ ಇಲ್ಲದ ನಾಲಿಗೆಯನ್ನು ಸಾಲ ಕೊಟ್ಟಿದೆ. ನಾನು ಶಾಲೆಯಲ್ಲಿ ಅಂಕಿಯನ್ನು ಬಳಸಿದ್ದೆಲ್ಲ ಅಳೆಯುವುದಕ್ಕೆ. ಕೊಡುವುದಕ್ಕೆ ಬಳಸಬಹುದು ಎಂಬುದು ಈ ವಯಸ್ಸಿನಲ್ಲಿ, ನಮ್ಮದೇ ಊಟದ ಮೇಜಿನ ಮೇಲೆ ಗೊತ್ತಾಯಿತು.

ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಚೌಕಾಬಾರ ಆಡುತ್ತಿದ್ದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ನಾಲ್ಕು ಕವಡೆ. ಒಬ್ಬರಿಗೆ ಬಳೆಚೂರು, ಒಬ್ಬರಿಗೆ ಹುಣಿಸೆ ಬೀಜ. ಚದುರಂಗದ ಹಾಗೆ ಆನೆ ಬೇರೆ, ಕುದುರೆ ಬೇರೆ, ಪದಾತಿ ಬೇರೆ ಎಂದಿಲ್ಲ. ನಾಲ್ಕು ಬೀಜವೂ ಒಂದೇ. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ದಾರಿಯಿಲ್ಲ. ಸುತ್ತಿ ಸುತ್ತಿ ನಡುಮನೆ ಮುಟ್ಟಿದರೆ ಆ ಕಾಯಿ ಹಣ್ಣಾಯಿತು ಎನ್ನುತ್ತೇವೆ. ಹೊರಡುವಾಗ ಎಲ್ಲವೂ ಕಾಯಿ. ಆದರೂ ಆಟ ಅರ್ಧ ಆಗುವ ಹೊತ್ತಿಗೆ ಅಜ್ಜಿ ಒಂದು ಬೀಜವನ್ನು 'ಇವಳು ಪುಕ್ಕಲಿ, ಕಟ್ಟೆ ಬಿಟ್ಟು ಏಳಲ್ಲ' ಎಂದೂ ಇನ್ನೊಂದನ್ನು 'ಮೂರು ಸಲ ಹೊಡೆಸಿಕೊಂಡು ಬಂದವಳು' ಎಂದೂ ಕರೆಯುತ್ತಿದ್ದಳು. ಹಾಳೆ ಇಲ್ಲ, ಪೆನ್ಸಿಲ್ಲು ಇಲ್ಲ. ಈ ನೆನಪನ್ನು ಹುಡುಗರಿಗೆ ಹೇಳಿದೆ. ರೂನ್‌ಕ್ವೆಸ್ಟನ್ನೂ ಒಮ್ಮೆ ಆಡಿ ನೋಡೋಣ ಎಂದು ಒಪ್ಪಿದ್ದಾರೆ, ಗಂಜೀಫದ ಪೆಟ್ಟಿಗೆ ಸಿಕ್ಕಿದ ಮೇಲೆ.

ಪೆಟ್ಟಿಗೆ ಇನ್ನೂ ಸಿಕ್ಕಿಲ್ಲ. ಕಳೆದ ಭಾನುವಾರ ಉಗ್ರಾಣದ ಹಿಂಬಾಗಿಲವರೆಗೆ ಬಂದು ನಿಂತೆವು. ದೊಡ್ಡ ಬೀಗ. ಬೀಗ ತೆಗೆಯಬಲ್ಲವನು ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಎಲ್ಲರೂ ಮುಖ ಮುಖ ನೋಡಿಕೊಂಡರು.

'ನಾನು ನೋಡಲಾ?' ಎಂದೆ.

'ನಿಮ್ಮ ಹೂವಾಡಗಿತ್ತಿಗೆ ಆ ವಿದ್ಯೆ ಇಲ್ಲವಲ್ಲ ದೊಡ್ಡಮ್ಮ.'

'ಇಲ್ಲದಿದ್ದರೆ ಮುಟ್ಟಲೇಬಾರದಾ?'

ಅವನು ಪುಸ್ತಕ ತಿರುವಿ ಹಾಕಿದ. ಕಲಿಯದವರೂ ಪ್ರಯತ್ನಿಸಬಹುದಂತೆ, ಬುದ್ಧಿಯ ಅಂಕಿಯಲ್ಲಿ ಐದು ಕಳೆದು. ಹನ್ನೆರಡರಲ್ಲಿ ಐದು ಹೋದರೆ ಏಳು. ಮೂರು ದಾಳದಲ್ಲಿ ಏಳೋ ಅದಕ್ಕಿಂತ ಕಡಿಮೆಯೋ ಬೀಳಬೇಕು. ಆರು ಸಲ ಹಾಕಿದರೆ ಒಂದು ಸಲ ಬಿದ್ದೀತು. ತಲೆಯಿಂದ ಹೇರ್‌ಪಿನ್ನು ತೆಗೆಯುವವಳಂತೆ ಕೈ ಮಾಡಿ ದಾಳ ಉರುಳಿಸಿದೆ. ಒಂಬತ್ತು. ಬೀಗ ಅಲುಗಿತು, ತೆರೆಯಲಿಲ್ಲ ಎಂದ ತಂಗಿಯ ಮಗ. ಹೊತ್ತಾಗಿತ್ತು, ಎಲ್ಲರೂ ಎದ್ದರು. ಮೇಜಿನ ಮೇಲಿನ ರಬ್ಬರಿನ ಚೂರುಗಳನ್ನು ಗುಡಿಸಿ ತಟ್ಟೆ ಹಾಕುವಾಗ ಯಜಮಾನರು, 'ಬಾಗಿಲು ತೆಗೀತಾ?' ಎಂದು ಕೇಳಿದರು. ಮುಂದಿನ ಭಾನುವಾರಕ್ಕೆ ಅವರನ್ನೂ ಸೇರಿಸಿಕೊಳ್ಳಬೇಕೆಂದಿದ್ದೇನೆ. ಕ್ಲೆರಿಕ್ಕಿನ ಹಾಳೆ ಖಾಲಿ ಇದೆ.